ತಪಶೀಲು

ಒಂದು ಸಂಗತಿಯನ್ನು ಬಿಡಿಬಿಡಿಯಾಗಿ ಬಿಡಿಸಿ ಬರೆದ ಸಣ್ಣಪುಟ್ಟ ವಿವರಕ್ಕೆ ತಪಶೀಲು ಎಂದು ಹೆಸರು. ಬೆಂಗಳೂರಿನ ಮಾತಿನಲ್ಲಿ ಈ ಪದ ಅಪರೂಪ; ಬೆಳಗಾವಿ, ನಿಪ್ಪಾಣಿಯ ಕಡೆ, ಮನೆಯಲ್ಲೊಂದು ಪೇಟೆಯಲ್ಲೊಂದು ಭಾಷೆ ಆಡುವವರ ಬಾಯಲ್ಲಿ ಇನ್ನೂ ಓಡಾಡುತ್ತದೆ. ನೋಟಕ್ಕೆ ಸಂಸ್ಕೃತದಂತೆ ಕಂಡರೂ ತಪಸ್ಸಿಗಾಗಲೀ ಶೀಲಕ್ಕಾಗಲೀ ಇದಕ್ಕೆ ನಂಟಿಲ್ಲ.

ಮೂಲ ಅರಬಿಯ 'ತಫ್ಸೀಲ್'. ಅದರ ಧಾತುವಿಗೆ ಬೇರ್ಪಡಿಸು ಎಂಬ ಅರ್ಥ. ಅದೇ ಧಾತುವಿನಿಂದ ಹುಟ್ಟಿದ ಇನ್ನೆರಡು ಪದಗಳು ಕನ್ನಡದಲ್ಲಿವೆ. ವರ್ಷವನ್ನು ಬೇರ್ಪಡಿಸಿದ ಒಂದು ಭಾಗ, ಅಂದರೆ ಋತು, 'ಫಸ್ಲ್'. ಆ ಹಂಗಾಮಿನ ಬೆಳೆಗೂ ಅದೇ ಹೆಸರು ನಿಂತು ಫಸಲಾಯಿತು. ಸರಿ-ತಪ್ಪು ಬೇರ್ಪಡಿಸಿ ಕೊಡುವ ತೀರ್ಮಾನ ಫೈಸಲು. ಹೊಲ, ಕಚೇರಿ, ಕಾಗದ ಮೂರಕ್ಕೂ ಒಂದೇ ಬೇರಿನ ಮಾತು ಬಂದಿರುವುದು ನಿಜಕ್ಕೂ ಸೊಗಸು.

ಅರಬಿಯಿಂದ ಪಾರಸಿಗೆ, ಅಲ್ಲಿಂದ ದಖ್ಖನಿನ ಸುಲ್ತಾನರ ದಫ್ತರಗಳಿಗೆ, ಅಲ್ಲಿಂದ ಮರಾಠಿಗೆ ಪದ ಸಾಗಿತು. ಕನ್ನಡದ ರೂಪ ಮರಾಠಿಯ ದಾರಿಯಲ್ಲೇ ಬಂದದ್ದು ಎನ್ನಲು 'ಶೀ' ಸಾಕ್ಷಿ. ಇಕಾರ ಕೂಡಿದ ಸಕಾರವನ್ನು ಶಕಾರವಾಗಿಸುವುದು ಮರಾಠಿಯ ಜಾಯಮಾನ. ಪಾರಸಿಯ 'ಸಿಫಾರಿಶ್' ಶಿಫಾರಸು ಆದದ್ದೂ, 'ಸಿಪಾಹಿ' ಶಿಪಾಯಿ ಆದದ್ದೂ ಹೀಗೆಯೇ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ ಮೇಲೆ ಊರು ಮರಾಠಾ ಸರದಾರ ಶಹಾಜಿಯ ಜಹಗೀರಾಯಿತು. ಪಾರಸಿ-ಮರಾಠಿಯ ಲೆಕ್ಕದ ಮಾತು ದಕ್ಷಿಣದವರೆಗೆ ಹರಡಲು ಇಂಥ ಆಳ್ವಿಕೆಗಳೇ ಕಾರಣ.

ಇದೇ ಅರ್ಥದ ಇನ್ನೊಂದು ಪದ ವಿವರ. ಇದು ಸಂಸ್ಕೃತದ್ದು, ತೆರೆ, ಬಿಚ್ಚು ಎಂಬ ಅರ್ಥದಿಂದ ಹುಟ್ಟಿದ್ದರಿಂದ ಅಲ್ಲಿ ಬಿಲ, ರಂಧ್ರ ಎಂಬುದೂ ಅದರ ಅರ್ಥ. ಗಡಿಯಲ್ಲಿ ತೊಡಕು ಹುಟ್ಟುವುದು ಇಲ್ಲೇ. ಮರಾಠಿಯಲ್ಲಿ 'ವಿವರ' ಎಂದರೆ ಕುಳಿ. ಕನ್ನಡದ ಕಪ್ಪುರಂಧ್ರ ಅಲ್ಲಿ 'ಕೃಷ್ಣವಿವರ'. ಹೀಗಾಗಿ ಬೆಳಗಾವಿಯ ಅಂಗಡಿಯಲ್ಲಿ ಕನ್ನಡದವರು ಕೇಳುವ ವಿವರಕ್ಕೆ ಮರಾಠಿಯಲ್ಲಿ 'ತಪಶೀಲ' ಎನ್ನಬೇಕು. ಕಾಸರಗೋಡಿನಲ್ಲಿ ಮಲಯಾಳದ 'ವಿವರಂ' ಮಾಹಿತಿಯೂ ಹೌದು, ತಿಳಿವಳಿಕೆಯೂ ಹೌದು. ಅದು ಇಲ್ಲದವನೆಂದರೆ ಪೆದ್ದ. ತಮಿಳಿನಲ್ಲಿ 'ವಿವರಮಾನ ಆಳು' ಎಂದರೆ ಚುರುಕಿನ ಮನುಷ್ಯ. ಬಂಗಾಳಿಯಲ್ಲಂತೂ ತಫ್ಸೀಲ್ ಕಾಯಿದೆಯ ಅನುಸೂಚಿಯಾಗಿ, ಪರಿಶಿಷ್ಟ ಜಾತಿ 'ತಫಸಿಲಿ ಜಾತಿ'ಯಾಗಿದೆ.

ತಪಶೀಲಿನ ಬೆಲೆ ತಿಳಿಯುವುದು ಜಮೀನಿನ ಪತ್ರದಲ್ಲಿ. ಬೆಂಗಳೂರಿನ ಕನಕಪುರ ರಸ್ತೆಯ ತಲಘಟ್ಟಪುರ ಉತ್ತರಹಳ್ಳಿ ಹೋಬಳಿಯ ಹಳ್ಳಿ. ರೇಷ್ಮೆ ಸಂಶೋಧನಾ ಸಂಸ್ಥೆ ಇರುವ ಊರು. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಇಲ್ಲಿಗೆ ಬಂತು. ಹೊಲಗಳು ಸೈಟುಗಳಾದ ಇಂಥ ಊರಿನಲ್ಲಿ ಕ್ರಯಪತ್ರದ ಕೊನೆಯ ಭಾಗವೇ ಮುಖ್ಯ. ತೆಲುಗು, ತಮಿಳು, ಕನ್ನಡ ಮನೆಮಾತಿನವರೆಲ್ಲ ಅದನ್ನು 'ಷೆಡ್ಯೂಲು' ಎನ್ನುತ್ತಾರೆ. ಅಲ್ಲಿ ಸರ್ವೆ ನಂಬರು, ಎಕರೆ-ಗುಂಟೆ, ಖರಾಬು, ಆಮೇಲೆ ಚೆಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು, ಉತ್ತರಕ್ಕೆ ಇಂಥವರ ಸ್ವತ್ತು, ದಕ್ಷಿಣಕ್ಕೆ ಕಾಲುವೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರಡಿ. 30x40ರ ಸೈಟಿಗಿಂತ ತುಸು ಚಿಕ್ಕದು. ಒಂದು ಅಂಕಿ ತಪ್ಪಿದರೆ ಒಂದು ಮನೆಯ ಜಾಗವೇ ಕೈತಪ್ಪೀತು.

ಕಾನೂನೂ ಇದನ್ನೇ ಹೇಳುತ್ತದೆ. 1908ರ ನೋಂದಣಿ ಕಾಯಿದೆಯ 21ನೇ ಕಲಮಿನ ಪ್ರಕಾರ, ಸ್ವತ್ತನ್ನು ಗುರುತಿಸಲು ಸಾಲುವಷ್ಟು ವಿವರವಿಲ್ಲದ ಪತ್ರವನ್ನು ನೋಂದಣಿಗೆ ತೆಗೆದುಕೊಳ್ಳುವಂತಿಲ್ಲ. ಸ್ಥಿರಾಸ್ತಿ ಕೊಳ್ಳುವವರು ಬೆಲೆಯ ಮಾತಿಗೆ ಮುಂಚೆ ಈ ಭಾಗವನ್ನು ಹಳೆಯ ಪತ್ರದೊಂದಿಗೆ, ಪಹಣಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕು. ಚೆಕ್ಕುಬಂದಿ ಹಿಡಿದುಕೊಂಡು ಜಾಗದ ನಾಲ್ಕೂ ಬದಿಗೆ ಒಮ್ಮೆ ನಡೆದು ಬರಬೇಕು.