ಟೈಮಿಂಗ್ ಹೋಗಿರಲಿಲ್ಲ

ಹೊಲಿಗೆ ಸ್ಕಿಪ್ ಆದರೆ ‘ಟೈಮಿಂಗ್ ಹೋಗಿದೆ’ ಅನ್ನುವುದು ನಮ್ಮಂಥ ಮೆಕ್ಯಾನಿಕ್‌ಗಳ ಬಾಯಿಗೆ ಮೊದಲು ಬರುವ ಮಾತು. ಹಾಗಂದರೆ ಮಾಲೀಕರು ಮರುಪ್ರಶ್ನೆ ಹಾಕುವುದಿಲ್ಲ, ಕೂಲಿಯೂ ತುಸು ಜಾಸ್ತಿ ಸಿಗುತ್ತದೆ. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ರಿಪೇರಿ ಮಾಡಿಕೊಂಡಿದ್ದ ನಾನು ಹಾಗೆ ಹೇಳಿಯೇ ಚೆನ್ನಾಗಿದ್ದ ಒಂದು ಮೆಷಿನ್ ಕೆಡಿಸಿದೆ.

ಟೈಮಿಂಗ್ ಎಂದರೆ ಇಷ್ಟೇ. ಸೂಜಿ ಪೂರ್ತಿ ಕೆಳಗಿಳಿದು ಎರಡು ಮಿಲಿಮೀಟರಿನಷ್ಟು ಮೇಲೆದ್ದಾಗ ಅದರ ಕಣ್ಣಿನ ಹತ್ತಿರ ದಾರ ಸಡಿಲವಾಗಿ ಕುಣಿಕೆ ಮೂಡುತ್ತದೆ. ಅದೇ ಹೊತ್ತಿಗೆ, ಕೆಳಗೆ ತಿರುಗುವ ಶಟಲ್‌ನ ಚೂಪು ತುದಿ ಸೂಜಿಯ ನಡುಮಧ್ಯಕ್ಕೆ ಬಂದು ಕುಣಿಕೆಯನ್ನು ಎತ್ತಿಕೊಳ್ಳಬೇಕು. ಒಂದು ಹೊಲಿಗೆಗೆ ಶಟಲ್ ಎರಡು ಸುತ್ತು ತಿರುಗುತ್ತದೆ. ನಿಮಿಷಕ್ಕೆ 4,000 ಹೊಲಿಗೆ ಹಾಕುವ ಮೆಷಿನ್‌ನಲ್ಲಿ 8,000 ಸುತ್ತು. ಇದನ್ನು ಪರೀಕ್ಷಿಸಲೆಂದೇ ಎಷ್ಟೋ ಮೆಷಿನ್‌ಗಳಲ್ಲಿ ಸೂಜಿ ಹಿಡಿದಿರುವ ನೀಡಲ್ ಬಾರ್ ಮೇಲೆ ಗೆರೆ ಕೊರೆದಿರುತ್ತಾರೆ. ಕೈಯಿಂದ ವೀಲ್ ತಿರುಗಿಸಿ, ಆ ಗೆರೆಯನ್ನು ಬಾರ್ ಓಡಾಡುವ ಬುಷ್‌ನ ಕೆಳ ಅಂಚಿಗೆ ತಂದು, ತುದಿ ಎಲ್ಲಿದೆ ಅಂತ ಬಗ್ಗಿ ನೋಡಬೇಕು. ನಾನು ನೋಡಲಿಲ್ಲ.

ಆ ಮೆಷಿನ್ ಮೇಲೆ ಕೂರುತ್ತಿದ್ದ ಅಕ್ಕ ಆಗಲೇ ಹೇಳಿದ್ದರು: “ಅಣ್ಣಾ, ಸೂಜಿ ಬದ್ಲಿ ಮಾಡಿದ ಮ್ಯಾಲೆ ಹಿಂಗಾಗಕತ್ತೈತಿ ನೋಡ್ರಿ.” ದಪ್ಪ ಡೆನಿಮ್‌ಗೆ ಹಾಕಿದ್ದ 18ನೇ ನಂಬರ್ ಸೂಜಿ ತೆಗೆದು, ಜೇಬಿನ ಒಳಬಟ್ಟೆಗೆ ಅಂತ 14 ಹಾಕಿದ್ದರು. ರೋಗವೇನೆಂಬುದು ಅವರ ಮಾತಲ್ಲೇ ಇತ್ತು. 18 ಎಂದರೆ 1.1 ಮಿ.ಮೀ. ದಪ್ಪ, 14 ಎಂದರೆ 0.9, ಪ್ಯಾಕೆಟ್ ಮೇಲೆ 110, 90 ಅಂತ ಅಚ್ಚಾಗಿರುತ್ತದೆ. ಸೂಜಿ ಸಣ್ಣದಾದಾಗ ಶಟಲ್ ಕಡೆಯ ಸಂದು ಸುಮಾರು 0.1 ಮಿ.ಮೀ. ಹೆಚ್ಚುತ್ತದೆ. ಇರಬೇಕಾದ ಸಂದೇ 0.04ರಿಂದ 0.1 ಮಿ.ಮೀ. ಹಾಗಾಗಿ ತುದಿಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತಿತ್ತು. ಸುತ್ತುವ ಹೊತ್ತಿನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ನಾನು ಶಟಲ್‌ನ ಸ್ಕ್ರೂಗಳನ್ನು ಸಡಿಲಿಸಿದೆ. ಸ್ವಲ್ಪ ಮುಂದಕ್ಕೆ ತಿರುಗಿಸಿ, ಸೂಜಿಗೆ ತಾಗುವಷ್ಟು ಹತ್ತಿರ ತಳ್ಳಿ ಬಿಗಿ ಮಾಡಿದೆ. ಗೆರೆ ನೋಡದೆ ಬಿಚ್ಚಿದ್ದರಿಂದ ಹಳೆಯ ಸೆಟ್ಟಿಂಗ್ ಎಲ್ಲಿತ್ತು ಅನ್ನುವುದಕ್ಕೆ ಗುರುತೂ ಉಳಿಯಲಿಲ್ಲ. ತೆಳು ಬಟ್ಟೆಯ ಮೇಲೆ ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು. ದುಡ್ಡು ಎಣಿಸಿಕೊಂಡು ಹೊರಟೆ.

ಮರುದಿನ ಜೀನ್ಸ್ ಕೆಲಸಕ್ಕೆ ಅಕ್ಕ ಮತ್ತೆ 18 ಹಾಕಿದರು. ದಪ್ಪ ಸೂಜಿಗೆ ಅಲ್ಲಿ ಜಾಗವೇ ಇರಲಿಲ್ಲ. ಶಟಲ್‌ನ ತುದಿ ಬಡಿದು ಸೂಜಿ ಮುರಿಯಿತು, ಆ ತುದಿಯ ಮೇಲೆ ಮುಳ್ಳೆದ್ದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು; ಉಗುರು ಸವರಿದರೆ ಮಾತ್ರ ತಿಳಿಯುತ್ತದೆ. ಸೂಜಿ ಬದಲಿಸಿ ಹೊಲಿಯಹೋದರೆ ದಾರ ಎಳೆಎಳೆಯಾಗಿ ಬಿಚ್ಚಿ ಹರಿಯತೊಡಗಿತು.

ಮಾಲೀಕರ ಮುಂದೆ ನಾನು ಆಡಿದ ಮಾತು ಇನ್ನೂ ಚುಚ್ಚುತ್ತದೆ: “ಬಟ್ಟೆ ಜಗ್ತಾರ್ರೀ ಇವ್ರು, ಸೂಜಿ ಬಾಗಿ ಬಡ್ದೈತಿ.” ಬಟ್ಟೆ ಎಳೆದರೆ ಸೂಜಿ ಬಾಗಿ ಶಟಲ್‌ಗೆ ಬಡಿಯುವುದು ನಿಜವೇ. ಅದಕ್ಕೇ ಈ ಸುಳ್ಳು ಯಾವಾಗಲೂ ನಡೆಯುತ್ತದೆ. ಹೊಸ ಶಟಲ್ ತಂದು ಕೂರಿಸಿದ್ದಕ್ಕೆ ಮತ್ತೆ ಕೂಲಿ ತೆಗೆದುಕೊಂಡೆ, ನಾನೇ ಮಾಡಿದ ಹಾಳಿಗೆ.

ಹೊಸದನ್ನು ಕೂರಿಸುವಾಗ 18 ಹಾಕಿ ಸಂದು ಸರಿಮಾಡಿ, ಆಮೇಲೆ 14 ಹಾಕಿ ನೋಡಿದೆ. ಅದೇ ಸ್ಕಿಪ್. ಆಗ ತಲೆಗೆ ಹೋಯಿತು. ಅಕ್ಕ ಪಕ್ಕದಲ್ಲೇ ನಿಂತಿದ್ದರು. ನಾನು ತುಟಿ ಬಿಚ್ಚಲಿಲ್ಲ.

ಶಟಲ್ ದುಡ್ಡನ್ನು ಮಾಲೀಕರು ಅಕ್ಕನ ಲೆಕ್ಕದಲ್ಲಿ ಮುರಿದುಕೊಂಡರೆಂದು ಬಹಳ ತಡವಾಗಿ ಇನ್ನೊಬ್ಬ ಟೈಲರ್ ಬಾಯಲ್ಲಿ ಕೇಳಿದೆ. ಮಾಲೀಕರ ಹತ್ತಿರ ಹೋಗಿ ಇದ್ದದ್ದು ಹೇಳಿ, ಆ ಹಣ ನನ್ನ ಕೈಯಿಂದಲೇ ಕಟ್ಟಿದೆ. ಪೀಸ್ ಲೆಕ್ಕದ ಕೆಲಸ ಅಕ್ಕನದು; ಮೆಷಿನ್ ನಿಂತ ದಿನಗಳಲ್ಲಿ ಹೊಲಿಯದ ಪೀಸ್‌ಗಳು ಯಾವ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಆ ದುಡ್ಡು ಅವರಿಗೆ ಸಿಗಲೇ ಇಲ್ಲ.