ರಂಗಪ್ಪನ ಚಪ್ಪಲಿ

ದೇವಸ್ಥಾನಕ್ಕೆ ಹೋದರೆ ನಾವು ಮೊದಲು ಮಾಡೋ ಕೆಲಸ ಚಪ್ಪಲಿ ಬಿಡೋದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾತ್ರ ಚಪ್ಪಲಿಯಿಂದಲೇ ಆಶೀರ್ವಾದ! ರಂಗನಾಥನಿಗೆ ಅರ್ಪಿಸಿದ ಭಾರಿ ಗಾತ್ರದ ಚರ್ಮದ ಚಪ್ಪಲಿಯನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ತಾರೆ. ಎರಡು ವರ್ಷಕ್ಕೊಮ್ಮೆ ಹೊಸ ಜೋಡಿ ಬರುತ್ತೆ. ಹಳೆಯದು ಯಾಕೆ ಸವೆಯುತ್ತೆ? ಸ್ವಾಮಿ ಕಾಡೆಲ್ಲ ಸುತ್ತಾಡ್ತಾನಂತೆ.

ಆ ಕಾಡು ಸೋಲಿಗರ ಮನೆ. ಅವರ ಹುಡುಗಿ ಕುಸುಮಾಲೆಯನ್ನು ರಂಗನಾಥ ಮದುವೆಯಾದ ಅನ್ನೋದು ಕತೆ. ಹಾಗಾಗಿ ಸೋಲಿಗರಿಗೆ ಅವನು ಬರೀ ದೇವರಲ್ಲ, ಭಾವ. ನಾವಾದರೋ ದೇವರ ಮುಂದೆ ನಿಂತು ಸಿಜಿಪಿಎ, ಪ್ಲೇಸ್‌ಮೆಂಟ್ ಅಂತ ಅರ್ಜಿ ಹಾಕ್ತೀವಿ. ಭಾವನ ಜೊತೆ ಇರೋದು ಅರ್ಜಿಯ ಸಂಬಂಧವಲ್ಲ, ಸಲಿಗೆಯ ಸಂಬಂಧ.

ಇಷ್ಟಾದರೂ 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ದೇವರ ಈ ನೆಂಟರ ಎಷ್ಟೋ ಪೋಡುಗಳನ್ನು ಕಾಡಿನೊಳಗಿಂದ ಎಬ್ಬಿಸಿದರು. ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯಕ್ಕೆ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ.

ಚಪ್ಪಲಿ ತಲೆಗೆ ಮುಟ್ಟಿದಾಗ ಪುಣ್ಯ ಬಂತು ಅಂದ್ಕೊಂಡು ನಾವು ಬೆಟ್ಟ ಇಳಿದರೆ ಸಾಲದು. ಅದನ್ನು ಮೆಟ್ಟಿಕೊಂಡು ಸ್ವಾಮಿ ರಾತ್ರಿ ಯಾರ ಮನೆ ಕಡೆ ನಡೀತಾನೆ ಅಂತಾನೂ ಕೇಳ್ಕೋಬೇಕು.