ಹಳ್ಳದ ದಂಡೆಯಲ್ಲೊಂದು ಪಾಠ

ದೇವದುರ್ಗ ತಾಲೂಕಿನ ಮಸರಕಲ್ ಊರಿನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ. ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವೆ ಇದ್ದೂ ಇಲ್ಲಿಯ ಹೆಂಗಸರಿಗೆ ಕುಡಿಯುವ ನೀರಿನ ಚಿಂತೆ ತಪ್ಪಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಕ್ಕಳೊಂದಿಗೆ ಇಲ್ಲಿಯ ಹಳ್ಳಕ್ಕೆ ಹೋದೆ. ಜೊತೆಗೆ ಚಹಾ ಸೋಸುವ ಜಾಲರಿ, ಬಿಳಿ ತಟ್ಟೆ ಮತ್ತು ನೀರು ಪರೀಕ್ಷಿಸುವ ಕಿಟ್ ಇದ್ದವು.

"ಮೇಡಂ, ನೀರು ಎಷ್ಟು ಚಲೋ ಕಾಣ್ತದ, ಕುಡೀಬಹುದಲ್ರೀ?" ಎಂದಳೊಬ್ಬಳು.

ಹರಿಯುವ ನೀರಿನ ಬಣ್ಣ, ವಾಸನೆ, ರುಚಿ ಹೊಲಸಿನಿಂದ ಕೆಡದಿದ್ದರೆ ಅದು ವುಝೂವಿಗೆ ಸಲ್ಲುತ್ತದೆ ಎಂದು ನಾನು ಮದ್ರಸದಲ್ಲಿ ಕಲಿತಿದ್ದೆ. ಆದರೆ ಪಾಕ್ ಆದ ನೀರೆಲ್ಲ ಕುಡಿಯಲು ಯೋಗ್ಯವೇ? ಅಂದಿನ ಪಾಠ ಅದೇ ಆಗಿತ್ತು.

ಹಳ್ಳದ ಮೇಲ್ಭಾಗದಲ್ಲಿ ಕಲ್ಲು ಮಗುಚಿದಾಗ ಮೂರೆಳೆ ಬಾಲದ ಪುಟ್ಟ ಹುಳುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ತಟ್ಟೆಗೆ ಬಂದವು. ಊರ ಚರಂಡಿ ಸೇರುವ ಕೆಳಭಾಗದಲ್ಲಿ ಸಿಕ್ಕಿದ್ದು ಬರೀ ಕೆಂಪು ಹುಳುಗಳು. ಮೂರೆಳೆ ಬಾಲದ ಹೆಚ್ಚಿನ ಹುಳುಗಳಿಗೆ ಆಮ್ಲಜನಕ ಚೆನ್ನಾಗಿರುವ ನೀರು ಬೇಕು. ಕೆಂಪು ಹುಳುಗಳು ಹೊಲಸಿನಲ್ಲೂ ಬದುಕುತ್ತವೆ. ಕಿಟ್ ಈ ಹೊತ್ತಿನ ನೀರನ್ನು ತೋರಿಸಿದರೆ, ಹುಳುಗಳು ಕಳೆದ ಹಲವು ವಾರಗಳ ಕಥೆ ಹೇಳುತ್ತವೆ. ನೋಡಿಯಾದ ಮೇಲೆ ಎಲ್ಲವನ್ನೂ ನೀರಿಗೇ ಬಿಟ್ಟೆವು.

ಆಗ ಇನ್ನೊಬ್ಬ ಹುಡುಗಿ ಮನೆಯ ಬೋರ್‌ವೆಲ್ ನೀರಿನ ಬಾಟಲಿ ಮುಂದಿಟ್ಟಳು. ನಗುವಾಗ ಸದಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿ ಅವಳು. ಹಲ್ಲಿನ ಮೇಲೆ ಕಂದು ಗೆರೆಗಳು. "ಹಲ್ಲು ತಿಕ್ಕಲ್ಲ ಅಂತ ಎಲ್ಲಾರೂ ಬೈತಾರ್ರೀ" ಎಂದಳು.

ನೀರಿಗೆ ಕಿಟ್‌ನ ಹನಿಗಳನ್ನು ಹಾಕಿ ಬಣ್ಣದ ಪಟ್ಟಿಗೆ ಹೋಲಿಸಿದೆವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಇದು ಅದನ್ನೂ ದಾಟಿತ್ತು. ನೆಲದಡಿಯ ಗ್ರಾನೈಟ್ ಬಂಡೆಗಳಿಂದ ಕರಗಿ ಬರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

"ತಪ್ಪು ನಿನ್ನದಲ್ಲಮ್ಮ, ನೀರಿನದು" ಎಂದೆ. ಅವಳು ತನ್ನ ಹಲ್ಲಿನ ಬಗ್ಗೆ ಮತ್ತೇನೂ ಕೇಳಲಿಲ್ಲ. "ತಮ್ಮಗ ಎರಡು ವರ್ಷರೀ, ಅವನಿಗೆ ಯಾವ ನೀರು ಕೊಡ್ಲಿ?" ಎಂದಳು.

ಸಹೋದರಿಯರೇ, ಈ ಪ್ರಶ್ನೆ ನಮ್ಮೆಲ್ಲರದು. ಈ ಕಲೆ ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲೇ, ಸುಮಾರು ಎಂಟು ವರ್ಷದೊಳಗೆ ಕೂರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಅಂಥ ಮನೆಯವರು ಕುಡಿಯಲು, ಅಡುಗೆಗೆ ಶುದ್ಧೀಕರಣ ಘಟಕದ ನೀರನ್ನೇ ತರಬೇಕು.

ನಲ್ಲಿ ನೀರೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನಲ್ಲಿ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನ ಆ ಐವರು ಯಾರು? ಪಂಚಾಯತಿಗೆ ಹೋಗಿ ಕೇಳಿ. ಇನ್ನೂ ಯಾರೂ ಇಲ್ಲವೆಂದರೆ ನಿಮ್ಮ ಹೆಸರನ್ನೇ ಬರೆಸಿ ಬನ್ನಿ.